ನಡುಮನೆಯ ಕಂಪ್ಯೂಟರಿಗೆ ಕಾವಲು

ಜೂನ್ ೨, ಸೋಮವಾರ

ಕೈಯಲ್ಲಿ ಬರೆಯುವ ಅಭ್ಯಾಸ ತಪ್ಪಿಹೋಗಿದೆ, ಅಕ್ಷರ ಕೋಳಿ ಕೆದರಿದ ಹಾಗೆ ಬರುತ್ತಿದೆ. ಆದರೂ ಇನ್ನು ಮೇಲೆ ಮನಸ್ಸಿನ ಮಾತೇನಿದ್ದರೂ ಕಾಗದದ ಮೇಲೆಯೇ. ನಡುಮನೆಯ ಕಂಪ್ಯೂಟರಿಗೆ ಏನೋ ಬಡಿದಿದೆ.

ಆನ್ ಮಾಡಿದರೆ ನಾನು ಕೇಳದ ಪುಟ ತೆರೆದುಕೊಳ್ಳುತ್ತದೆ. ಬೋಳುತಲೆಗೆ ಎಣ್ಣೆ, ಮೊಣಕಾಲಿಗೆ ಪಟ್ಟಿ, ನನ್ನನ್ನು ಭೇಟಿಯಾಗಲು ಕಾದು ಕೂತಿರುವ ಯಾರೋ ಒಂಟಿ ಗಂಡಸು. ಒಂದನ್ನು ಮುಚ್ಚಿದರೆ ಎರಡು ಹುಟ್ಟುತ್ತವೆ. ಟೈಪ್ ಮಾಡಲು ಕೂತರೆ ನಾನು ಒತ್ತಿದ ಅಕ್ಷರ ಆಕಳಿಸಿ, ಮೈಮುರಿದು, ಆಮೇಲೆ ಪರದೆಗೆ ಬರುತ್ತದೆ. ಡಾಕ್ಟರಮ್ಮ ಕಿವಿ, ಮೂಗು, ಗಂಟಲಿನವರು. ರೋಗಿಗಳನ್ನು ನೋಡಿ ಯಂತ್ರದಲ್ಲಿ ಹೇಳಿಟ್ಟದ್ದನ್ನು ನಾನು ಮನೆಯಲ್ಲಿ ಕೇಳಿಸಿಕೊಂಡು ಬೆರಳಚ್ಚು ಮಾಡಿ ಕಳಿಸಬೇಕು. ಯಾರ ಮೂಗಿನ ಮೂಳೆ ಎತ್ತ ವಾಲಿದೆ, ಯಾರು ಯಾಕೆ ಗೊರಕೆ ಹೊಡೆಯುತ್ತಾರೆ, ಎಲ್ಲ ನನಗೆ ಗೊತ್ತು. ಇಷ್ಟು ವರ್ಷದಲ್ಲಿ ಒಂದೇ ಒಂದು ಮೂಗಿನ ವಿಷಯ ನನ್ನ ಬಾಯಿಂದ ಹೊರಬಿದ್ದಿಲ್ಲ.

ಊಟದ ಹೊತ್ತಿನಲ್ಲಿ ಕೇಳಿದೆ, ಯಾರು ಏನು ಒತ್ತಿದಿರಿ ಅಂತ.

“ನಾನು ಮುಟ್ಟೇ ಇಲ್ಲಮ್ಮ,” ಎಂದಳು ಮಗಳು. ಕಾಲೇಜಿನಿಂದ ಬಂದವಳು ಊಟಕ್ಕೆ ಕರೆಯುವ ತನಕ ಅದರ ಮುಂದೆಯೇ ಬೇರು ಬಿಟ್ಟಿದ್ದಳು.

“ನಾನು ಬರೀ ನೋಡ್ತೀನಿ ಕಣೇ. ಒತ್ತೋದೆಲ್ಲ ಅದೇ ಒತ್ಕೊಳ್ಳುತ್ತೆ,” ಎಂದರು ಅತ್ತೆ.

ಇವರು ತಟ್ಟೆಯಿಂದ ತಲೆ ಎತ್ತಲಿಲ್ಲ. “ಲಿಫ್ಟೂ ಹಾಗೇನೇ. ಕೆಟ್ಟಾಗ ಯಾರೂ ಬಟನ್ ಒತ್ತಿರಲ್ಲ.” ನನ್ನ ಗಂಡ ಲಿಫ್ಟ್ ರಿಪೇರಿ ಮಾಡುವವರು. ಅವರ ಪ್ರಪಂಚದಲ್ಲಿ ಪ್ರತಿಯೊಂದೂ ಒಂದು ಲಿಫ್ಟು.

ಜೂನ್ ೪, ಬುಧವಾರ

ಕ್ಲಿನಿಕ್ಕಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವವರು ಫೋನ್ ಮಾಡಿದ್ದರು. ಕೆಲಸ ಮಾಡುವುದು ಮೂಗಿನ ಡಾಕ್ಟರ ಹತ್ತಿರ, ಸದಾ ಮೂಗು ಕಟ್ಟಿದ ದನಿ. ನಾನು ಮನಸ್ಸಿನಲ್ಲಿ ಅವರಿಗೆ ಮೂಗುಕಟ್ಟು ಎಂದೇ ಹೆಸರಿಟ್ಟಿದ್ದೇನೆ.

“ಮೇಡಂ, ನಿಮ್ಮ ಹೆಸರಲ್ಲಿ ಯಾರೋ ಎಲ್ಲಿಂದಲೋ ನಮ್ಮ ಫೈಲುಗಳ ಬಾಗಿಲು ತಟ್ಟಿದ್ದಾರೆ. ಒಳಗೆ ಬಂದಿಲ್ಲ, ನಾನು ಚಿಲಕ ಹಾಕಿದೆ. ನಿಮ್ಮ ಮಷೀನಲ್ಲಿ ಸ್ಪೈವೇರ್ ಕೂತಿರಬೇಕು.”

“ಕೂತಿದೆ ಅಂದ್ರೆ? ಏನ್ ಮಾಡುತ್ತೆ ಅದು?”

“ನೀವು ಏನು ಒತ್ತುತ್ತೀರಿ, ಎಲ್ಲಿ ಹೋಗ್ತೀರಿ ಅಂತ ಸುಮ್ಮನೆ ನೋಡ್ತಾ ಇರುತ್ತೆ. ನೋಡಿದ್ದನ್ನ ಬೇರೆ ಯಾರಿಗೋ ಕಳಿಸುತ್ತೆ. ಪುಕ್ಕಟೆ ಸಿಗುತ್ತೆ ಅಂತ ಇಳಿಸ್ಕೊಂಡಿದ್ದರ ಹಿಂದೆ ಬಂದಿರುತ್ತೆ. ತಾನಾಗಿ ಬರೋದು ಅಪರೂಪ ಮೇಡಂ, ಮನೇಲಿ ಯಾರೋ ‘ಸರಿ’ ಅಂತ ಒತ್ತಿರ್ತಾರೆ.”

ಶುದ್ಧವಾಗುವ ತನಕ ಒಂದು ಫೈಲೂ ಕಳಿಸುವುದಿಲ್ಲವಂತೆ. ನನ್ನ ಮೈ ಉರಿದುಹೋಯಿತು. ನಾನು ಅಡುಗೆಮನೆಯ ಡಬ್ಬಿಯ ಮುಚ್ಚಳ ಸಡಿಲವಾಗಿದ್ದರೂ ಎರಡು ಸಲ ನೋಡುವವಳು. ನನ್ನ ಹೆಸರಿನಲ್ಲಿ ಯಾರೋ ಬಾಗಿಲು ತಟ್ಟುವುದೆಂದರೇನು!

ಜೂನ್ ೫, ಗುರುವಾರ

ಇಡೀ ದಿನ ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಮೂಗುಕಟ್ಟು ಹೇಳಿದ್ದನ್ನೆಲ್ಲ ಮಾಡಿದೆ. ಕತ್ತು ಹಿಡಿದುಕೊಂಡಿದೆ.

ಮೊದಲು ಅಪ್‌ಡೇಟು. ಅದು ತಿಂಗಳುಗಟ್ಟಲೆ ಮೂಲೆಯಲ್ಲಿ ಬಂದು ಬೇಡುತ್ತಿತ್ತಂತೆ, ಇವರು ಪ್ರತಿ ಸಲವೂ ‘ಆಮೇಲೆ ನೆನಪಿಸು’ ಒತ್ತಿ ಅಟ್ಟುತ್ತಿದ್ದರಂತೆ. ಊರಿನ ಲಿಫ್ಟಿಗೆಲ್ಲ ಕಾಲಕಾಲಕ್ಕೆ ಎಣ್ಣೆ ಬಿಡುವ ಮನುಷ್ಯ! ಆಮೇಲೆ ಯಾರೂ ಇಳಿಸಿಕೊಂಡಿಲ್ಲದ, ಆದರೆ ಇಳಿದು ಕೂತಿರುವ ಸಾಮಾನು: ಹಾಡು ಕೇಳುವುದೊಂದು, ಇಸ್ಪೀಟು ಆಡುವುದೊಂದು, ಬೆಕ್ಕಿನ ಬಾಲವನ್ನು ಪರದೆಯ ತುಂಬ ಓಡಾಡಿಸುವುದೊಂದು. ಬೆಕ್ಕಿನ ಬಾಲ ಯಾರಿಗೆ ಬೇಕಿತ್ತು ಎಂದು ಕೇಳಿದರೆ ಮನೆಯೆಲ್ಲ ಮೌನವ್ರತ. ಎಲ್ಲವನ್ನೂ ಕಿತ್ತು ಹಾಕಿ, ಕಳ್ಳರನ್ನು ಹುಡುಕುವ ತಂತ್ರಾಂಶ ಓಡಿಸಿದೆ. ಅದು ಸಿಕ್ಕಿದ್ದನ್ನೆಲ್ಲ ಹಿಡಿದು ಹೊರಗೆ ದಬ್ಬಿತು. ಪಾಸ್‌ವರ್ಡುಗಳನ್ನು ಈ ಯಂತ್ರದಲ್ಲಿ ಅಲ್ಲ, ನನ್ನ ಫೋನಿನಲ್ಲಿ ಬದಲಾಯಿಸಿದೆ. ಪರದೆಯ ಅಂಚಿಗೆ ಅಂಟಿಸಿದ್ದ ಪಾಸ್‌ವರ್ಡಿನ ಚೀಟಿಯನ್ನು ಹರಿದು ಹಾಕಿದೆ. ಎಲ್ಲರಿಗೂ ಒಂದೊಂದು ಬೇರೆ ಲಾಗಿನ್, ಅಂದರೆ ಬೇರೆ ಬಾಗಿಲು, ಮಾಡಿಕೊಟ್ಟೆ; ಹೊಸದೇನಾದರೂ ಒಳಗೆ ಹಾಕಬೇಕಾದರೆ ನನ್ನ ಬಾಗಿಲಿನಿಂದಲೇ ಬರಬೇಕು.

ಸಂಜೆ ಎಲ್ಲರನ್ನೂ ಸಾಲಾಗಿ ಕೂರಿಸಿ ಹೇಳಿದೆ. ಗೊತ್ತಿಲ್ಲದ್ದನ್ನು ತೆರೆಯಬಾರದು. ಬಿಟ್ಟಿ ಎಂದರೆ ಬಾಯಿ ಬಿಡಬಾರದು. ಎಚ್ಚರಿಕೆ ಬಂದರೆ ‘ಅನುಮತಿಸು’ ಒತ್ತಬಾರದು, ನನ್ನನ್ನು ಕರೆಯಬೇಕು. ಪಾಸ್‌ವರ್ಡನ್ನು ಎಲ್ಲೂ ಬರೆದಿಡಬಾರದು.

“ಉಸಿರಾಡಬಹುದಾ?” ಎಂದಳು ಮಗಳು.

ಜೂನ್ ೧೨, ಗುರುವಾರ

ಫೈಲು ಮತ್ತೆ ಬರತೊಡಗಿವೆ. “ಈಗ ಚೊಕ್ಕಟವಾಗಿದೆ ಮೇಡಂ,” ಎಂದರು ಮೂಗುಕಟ್ಟು. ಡಾಕ್ಟರಮ್ಮನೂ ಧ್ವನಿಮುದ್ರಿಕೆಯ ಕೊನೆಯಲ್ಲಿ “ಥ್ಯಾಂಕ್ಸ್ ಕಣ್ರೀ” ಅಂದಿದ್ದಾರೆ.

ಆದರೆ ಯಾರು ಒತ್ತಿದ್ದು? ಮೂರು ಜನ, ಮೂರು ಜನರೂ ಹಾಲಿನಲ್ಲಿ ತೊಳೆದವರು. ತಪ್ಪಾಯಿತು ಎಂದು ಒಬ್ಬರಾದರೂ ಹೇಳಿದ್ದರೆ ಅಲ್ಲಿಗೆ ಬಿಟ್ಟುಬಿಡುತ್ತಿದ್ದೆ. ನಾಳೆ ಮತ್ತೆ ಇದೇ ಆದರೆ ಕೆಲಸ ಹೋಗುವುದು ನನ್ನದು, ಬೆಕ್ಕಿನ ಬಾಲದ್ದಲ್ಲ.

ಜೂನ್ ೧೪, ಶನಿವಾರ

ಒಂದು ಉಪಾಯ ಸಿಕ್ಕಿತು. ‘ಮನೆಯವರ ಸುರಕ್ಷತೆಗಾಗಿ’ ಅಂತ ಒಂದು ತಂತ್ರಾಂಶದ ಜಾಹೀರಾತು ಕಂಡಿತು. ಯಾರು ಏನು ಒತ್ತಿದರು ಎಂದು ಗುರುತು ಹಾಕಿಕೊಂಡು, ಪರದೆಯ ಚಿತ್ರವನ್ನೂ ತೆಗೆದು, ದಿನವೂ ನನ್ನ ಇ-ಮೇಲಿಗೆ ವರದಿ ಕಳಿಸುತ್ತದೆ. ಕೂತದ್ದು ಯಾರಿಗೂ ಕಾಣುವುದಿಲ್ಲ. ಮೊದಲ ತಿಂಗಳು ಉಚಿತ. ಮುಂದಿನ ಸಲ ಏನಾದರೂ ನುಸುಳಿದರೆ ಯಾರ ಬೆರಳು ಎಂದು ಸಾಕ್ಷಿ ಸಮೇತ ತೋರಿಸಬಹುದು.

ಇಳಿಸುವಾಗ ನಾವು ಹಾಕಿಕೊಂಡಿರುವ ಆ ಕಳ್ಳ ಹಿಡಿಯುವ ತಂತ್ರಾಂಶ ಕೆಂಪು ಮೋರೆ ಮಾಡಿಕೊಂಡು ಅಡ್ಡ ನಿಂತಿತು, ಅಪಾಯ ಅಂತ. ಅದಕ್ಕೇನು ಗೊತ್ತು, ಇದು ಮನೆಯ ಯಜಮಾನಿಯೇ ಹಾಕುತ್ತಿರುವುದು. ‘ಅನುಮತಿಸು’ ಒತ್ತಿದೆ. ಪಾಸ್‌ವರ್ಡು ಕೇಳಿತು. ಯಾರ ಅಪ್ಪನಿಗೂ ಊಹೆಗೆ ಸಿಗದಷ್ಟು ಉದ್ದದ್ದು ಕೊಟ್ಟೆ. ಎಲ್ಲೂ ಬರೆದಿಟ್ಟಿಲ್ಲ.

ಜೂನ್ ೧೮, ಬುಧವಾರ

ಅತ್ತೆ ಎಲ್ಲೋ ದೂರದ ಯಾರ ಜೊತೆಗೋ ಇಸ್ಪೀಟು ಆಡುತ್ತಾರೆ. ಸೋತಾಗ ಆ ಮನುಷ್ಯನಿಗೆ ಬರೆಯುವ ಬೈಗುಳ ನೋಡಿ ನನ್ನ ಕಿವಿ ಬಿಸಿಯಾಯಿತು. ನನ್ನೆದುರು ಮಾತ್ರ ಆಕಳ ಹಾಗೆ ಇರುತ್ತಾರೆ.

ಮಗಳು ಗೆಳತಿಗೆ ಬರೆದಿದ್ದಾಳೆ: “ಮನೇಲಿ ಜೈಲರ್ ಡ್ಯೂಟಿ ಮೇಲಿದ್ದಾರೆ, ಆಮೇಲೆ ಮಾತಾಡೋಣ.” ಜೈಲರಂತೆ! ಹೊತ್ತು ಹೊತ್ತಿಗೆ ಬೇಯಿಸಿ ಹಾಕುವ ಜೈಲರು ಇವಳಿಗೆ ಇನ್ನೆಲ್ಲಿ ಸಿಗುತ್ತಾರೆ? ಕೇಳೋಣವೆಂದರೆ ಕೇಳುವ ಹಾಗಿಲ್ಲ. ಅವಳ ತಟ್ಟೆಯನ್ನು ಸ್ವಲ್ಪ ಜೋರಾಗಿ ಇಟ್ಟೆ. “ಏನಾಯ್ತಮ್ಮ?” ಎಂದಳು. ಏನೂ ಇಲ್ಲ ಎಂದೆ.

ಅಪಾಯದ್ದು ಇನ್ನೂ ಏನೂ ಸಿಕ್ಕಿಲ್ಲ. ದಿನಾ ಮೊದಲು ಡಾಕ್ಟರಮ್ಮನ ಕೆಲಸ ಮುಗಿಸಿ ಆಮೇಲೆ ವರದಿ ಓದುತ್ತಿದ್ದೆ. ಈಗ ಮೊದಲು ಅದನ್ನು ಓದಿಬಿಟ್ಟರೆ ಮನಸ್ಸು ನಿರಾಳವಾಗಿ ಕೆಲಸಕ್ಕೆ ಹತ್ತುತ್ತದೆ.

ಜೂನ್ ೨೧, ಶನಿವಾರ

ಇವರು ಕಂಪ್ಯೂಟರಿನಲ್ಲಿ ಕ್ರಿಕೆಟ್ ಅಂಕ ನೋಡುವುದು ಬಿಟ್ಟರೆ ಇನ್ನೇನೂ ಮಾಡುವುದಿಲ್ಲ ಎಂದುಕೊಂಡಿದ್ದೆ. ಸಂಜೆ ಕೆಲಸದಿಂದ ಬಂದು, ನಾನು ತರಕಾರಿಗೆ ಹೋದಾಗ, ಒಂದು ಖಾಲಿ ಪುಟ ತೆರೆದು ಒಂಟಿ ಬೆರಳಲ್ಲಿ ಬರೆಯುತ್ತಾರೆ. ಬರೆದು ಅಳಿಸುತ್ತಾರೆ. ಉಳಿಸದೆ ಮುಚ್ಚುತ್ತಾರೆ. ಅಳಿಸಿದ್ದೂ ನನಗೆ ಬರುತ್ತದೆ.

“ಹೇಗೆ ಶುರು ಮಾಡಲಿ.” ಅಳಿಸಿದ್ದಾರೆ.

“ಮೇಲೆ ಹತ್ತಿ ಕೆಳಗೆ ನೋಡಿದರೆ ಮೊಣಕಾಲು ನಡುಗುತ್ತೆ. ಮೊದಲು ಹೀಗಿರಲಿಲ್ಲ.” ಅಳಿಸಿದ್ದಾರೆ.

“ನಗಬೇಡ.” ಅದನ್ನೂ ಅಳಿಸಿದ್ದಾರೆ.

ಲಿಫ್ಟಿನ ಬಾವಿಯೊಳಗೆ ಇಳಿಯುವುದು, ಅದರ ನೆತ್ತಿಯ ಮೇಲೆ ನಿಂತು ಹಗ್ಗ ನೋಡುವುದು, ಇವರ ದಿನದ ಕೆಲಸವೇ ಅದು. ಹಂಚಿನ ಮೇಲಿನ ಬೆಕ್ಕಿನ ಹಾಗೆ ಓಡಾಡುತ್ತಿದ್ದ ಮನುಷ್ಯ. ಯಾರಿಗೆ ಬರೆಯುತ್ತಿದ್ದಾರೆ? ಹಳೆಯ ಜೊತೆಗಾರ ಒಬ್ಬರಿದ್ದಾರೆ, ಕೆಲಸ ಬಿಟ್ಟು ಹೋದವರು, ಅವರಿಗಿರಬೇಕು. ಪಕ್ಕದಲ್ಲಿ ನಾನಿಲ್ಲವೆ? ಅವರಿಗೆ ಹೇಳಬಹುದು, ನನಗೆ ಹೇಳಬಾರದು!

ಜೂನ್ ೨೩, ಸೋಮವಾರ

ಚಹಾ ಕೊಡುವಾಗ ಏನೂ ಗೊತ್ತಿಲ್ಲದವಳ ಹಾಗೆ ಕೇಳಿದೆ. “ಕೆಲಸ ಹೇಗಿದೆ?”

“ಹೇಗಿರುತ್ತೆ. ಮೇಲೆ ಹೋಗುತ್ತೆ, ಕೆಳಗೆ ಬರುತ್ತೆ.”

“ಮೇಲೆಲ್ಲ ಹತ್ತೋದು... ಭಯ ಗಿಯ ಆಗಲ್ವಾ ರೀ?”

ಇವರು ಲೋಟ ಹಿಡಿದುಕೊಂಡೇ ನನ್ನನ್ನು ನೋಡಿದರು. “ಇಷ್ಟು ವರ್ಷ ಆದ್ಮೇಲೆ ಇವತ್ತು ಯಾಕೆ ಕೇಳ್ತಿದೀಯ?”

“ಸುಮ್ನೆ.”

“ಸುಮ್ನೆ ಕೇಳೋಳಲ್ಲ ನೀನು,” ಎಂದು ನಕ್ಕರು. ಏನೋ ಹೇಳಲು ಬಾಯಿ ತೆರೆದ ಹಾಗಿತ್ತು. ಅಷ್ಟರಲ್ಲಿ ಅತ್ತೆ, ಕಂಪ್ಯೂಟರಿನಲ್ಲಿ ಏನೋ ಕೆಂಪಗೆ ಬಂದಿದೆ, ಒತ್ತಲೋ ಬೇಡವೋ ಎಂದು ಕೂಗಿದರು. ನಾನೇ ಕಲಿಸಿದ ಪಾಠ. ಎದ್ದು ಹೋದೆ. ಅಪ್‌ಡೇಟು ಅಷ್ಟೆ. ವಾಪಸು ಬರುವಷ್ಟರಲ್ಲಿ ಇವರು ಪತ್ರಿಕೆ ಹಿಡಿದಿದ್ದರು.

ಜೂನ್ ೨೬, ಗುರುವಾರ

“ಇವತ್ತು ಸೇಫ್ಟಿ ಬೆಲ್ಟಿನ ಕೊಕ್ಕೆ ಹಾಕೋದೇ ಮರೆತಿದ್ದೆ. ಅರ್ಧ ದಾರಿ ಇಳಿದ ಮೇಲೆ ಗೊತ್ತಾಯ್ತು. ಕೈ ಬೆವತು ಕಂಬಿ ಜಾರ್ತಿತ್ತು. ಅಲ್ಲೇ ತಬ್ಕೊಂಡು ನಿಂತುಬಿಟ್ಟೆ.”

ಅಳಿಸಿದ್ದಾರೆ. ಅಳಿಸಿದರೆ ನಡೆದದ್ದು ನಡೆಯದ ಹಾಗಾಗುತ್ತದೆಯೆ?

ಡಾಕ್ಟರಮ್ಮನ ದನಿ ಕಿವಿಯೊಳಗೆ ಯಾರದೋ ಟಾನ್ಸಿಲ್ ಬಗ್ಗೆ ಹೇಳುತ್ತಲೇ ಇತ್ತು, ನನ್ನ ಕೈ ಒಂದಕ್ಷರ ಒತ್ತಲಿಲ್ಲ. ನಾಳೆಯೂ ಹೋಗುತ್ತಾರೆ. ಹೋಗಬೇಡಿ ಎಂದರೆ ಯಾಕೆ ಎನ್ನುತ್ತಾರೆ. ನಿನಗೆ ಹೇಗೆ ಗೊತ್ತು ಎನ್ನುತ್ತಾರೆ. ಅದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ಇಲ್ಲವೆಂದೇನಲ್ಲ, ಹೇಳಿದರೆ ಮನೆಯಲ್ಲಿ ಯಾರೂ ನನ್ನ ಮಾತಿಗೆ ಕವಡೆ ಕಿಮ್ಮತ್ತು ಕೊಡುವುದಿಲ್ಲ, ಇಷ್ಟು ಕಷ್ಟಪಟ್ಟು ಕಟ್ಟಿದ ಶಿಸ್ತೆಲ್ಲ ಮಣ್ಣುಪಾಲಾಗುತ್ತದೆ.

ಜೂನ್ ೨೭, ಶುಕ್ರವಾರ

ಇವರ ಮೇಸ್ತ್ರಿಗೆ ಫೋನ್ ಮಾಡಿಬಿಟ್ಟೆ. ನನ್ನ ಹೆಸರು ಎತ್ತಬೇಡಿ ಎಂದು ನಾಲ್ಕು ಸಲ ಹೇಳಿ, ಸ್ವಲ್ಪ ದಿನ ಮೇಲೆ ಹತ್ತಿಸಬೇಡಿ ಎಂದೆ. “ಸರಿಯಮ್ಮ, ಒಳ್ಳೇದು ಮಾಡಿದ್ರಿ,” ಎಂದರು.

ಒಳ್ಳೆಯದೇ ಮಾಡಿದೆ. ಅಂತೂ ಆ ತಂತ್ರಾಂಶ ಹಾಕಿದ್ದು ಸಾರ್ಥಕವಾಯಿತು.

ಜುಲೈ ೧, ಮಂಗಳವಾರ

ಇವರು ಬಂದು ಚಪ್ಪಲಿಯನ್ನೂ ಬಿಡದೆ ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂತರು.

“ಸ್ಟೋರಿಗೆ ಹಾಕಿದ್ರು ನನ್ನ. ನಟ್ಟು ಬೋಲ್ಟು ಎಣಿಸೋಕೆ. ಎಲ್ಲರೆದುರು ಹೇಳಿದ ಮೇಸ್ತ್ರಿ, ‘ಭಯ ಇದ್ದವರು ಹತ್ತೋದು ಬೇಡ’ ಅಂತ. ನಾನು ತಯಾರು ಮಾಡಿದ ಹುಡುಗರು, ನೆಲ ನೋಡ್ಕೊಂಡು ನಿಂತಿದ್ರು.”

ಎಲ್ಲರೆದುರು ಹೇಳು ಎಂದು ನಾನು ಹೇಳಿದ್ದೆನೆ ಆ ಮೇಸ್ತ್ರಿಗೆ? ಹೆಸರು ಹೇಳಬೇಡ ಎಂದದ್ದನ್ನು ಪಾಲಿಸಿದ, ಮಾನ ಕಳೆಯಬೇಡ ಎಂದು ಬೇರೆ ಹೇಳಬೇಕಿತ್ತೇನೋ.

“ನಾನು ಯಾರ ಹತ್ರಾನೂ ಒಂದು ಮಾತು ಆಡಿಲ್ಲ ಕಣೇ,” ಎಂದರು. ಆಮೇಲೆ ನಿಧಾನವಾಗಿ ಕತ್ತು ತಿರುಗಿಸಿ ಕಂಪ್ಯೂಟರಿನ ಕಡೆ ನೋಡಿದರು. “ಅದರಲ್ಲಿ ಬಿಟ್ಟು.”

ನೀರು ಕೊಡ್ಲಾ ಎಂದೆ.

“ನೀನು ಬಡ್ಕೊಂಡಾಗ ನಾನು ನಕ್ಕೆ. ನೀನು ಹೇಳಿದ್ದೇ ಸರಿ. ಅದರಲ್ಲಿ ಇನ್ನೂ ಯಾರೋ ಕೂತಿದ್ದಾರೆ.”

ಮದುವೆಯಾದ ಮೇಲೆ ಇವರು ನಾನು ಹೇಳಿದ್ದು ಸರಿ ಎಂದದ್ದು ಇದೇ ಮೊದಲು.

ಜುಲೈ ೩, ಗುರುವಾರ

ಕಿತ್ತು ಹಾಕಲು ನೋಡಿದೆ. ಪಾಸ್‌ವರ್ಡು ಕೇಳುತ್ತದೆ. ನೆನಪಿಲ್ಲ! ಉದ್ದ ಇರಲಿ ಅಂತ ಏನೇನೋ ಸೇರಿಸಿದ್ದೆ. ಅತ್ತೆಯ ಹುಟ್ಟಿದ ವರ್ಷ ಮೊದಲೋ, ಆಶ್ಚರ್ಯ ಚಿಹ್ನೆ ಮೊದಲೋ. ಬರೆದಿಡಬಾರದು ಎಂದು ಮನೆಗೆಲ್ಲ ಭಾಷಣ ಮಾಡಿದವಳು ನಾನು. ಮತ್ತೆ ಮತ್ತೆ ತಪ್ಪು ಒತ್ತಿದೆ ಎಂದು ಅದು ನನ್ನನ್ನೇ ಹೊರಗೆ ಹಾಕಿ ಕದ ಮುಚ್ಚಿತು. ತಯಾರಿಸಿದವರಿಗೆ ಇ-ಮೇಲ್ ಬರೆದೆ. ಉತ್ತರವಿಲ್ಲ.

ಇವರು ಭಾನುವಾರಕ್ಕೆ ಮೂಗುಕಟ್ಟನ್ನು ಮನೆಗೇ ಕರೆದಿದ್ದಾರೆ. ಬೇಡ, ಆ ಮನುಷ್ಯನಿಗೆ ರಜೆಯ ದಿನ ಯಾಕೆ ತೊಂದರೆ ಎಂದೆ. “ನಿನ್ನ ಡಾಕ್ಟರ ಕಾಗದ ಎಲ್ಲ ಅದರಲ್ಲೇ ಇದೆ. ನಿನಗೋಸ್ಕರಾನೇ ಕರೆದಿದ್ದು,” ಎಂದರು.

ಜುಲೈ ೬, ಭಾನುವಾರ

ಮೂಗುಕಟ್ಟು ಬಂದರು. ಫೋನಿನ ದನಿಗೆ ಹೋಲಿಸಿದರೆ ಮನುಷ್ಯ ತುಂಬ ಎತ್ತರ. ಕೂತು, ಮೂಗು ಒರೆಸಿಕೊಂಡು, ಎರಡು ಕಡೆ ಒತ್ತಿ, “ಹೂಂ,” ಎಂದರು. ನಾನು ಚಹಾದ ತಟ್ಟೆ ಹಿಡಿದುಕೊಂಡು ನಿಂತಿದ್ದೆ. ಅತ್ತೆ, ಮಗಳು, ಇವರು, ಎಲ್ಲರೂ ಕುರ್ಚಿಯ ಹಿಂದೆ.

“ಇದೆ. ಒತ್ತಿದ್ದನ್ನೆಲ್ಲ ಬರ್ಕೊಳ್ಳೋದು. ಅಳಿಸಿದ್ದನ್ನೂ. ಜೂನ್ ಹದಿನಾಲ್ಕಕ್ಕೆ ಕೂತಿದೆ.”

“ಎಲ್ಲಿಂದ ಬಂತು?” ಎಂದರು ಇವರು.

“ಇದು ನುಸುಳಿ ಬಂದಿದ್ದಲ್ಲ ಸಾರ್. ನಮ್ಮ ಸೆಕ್ಯುರಿಟಿ ಬೇಡ ಅಂತ ತಡೆದಿದೆ. ಇರಲಿ ಬಿಡು ಅಂತ ಒಳಗಿನಿಂದಲೇ ಅನುಮತಿ ಕೊಟ್ಟಿದ್ದಾರೆ.” ಪರದೆಗೆ ಇನ್ನಷ್ಟು ಹತ್ತಿರ ಬಗ್ಗಿದರು. “ವರದಿ ಹೋಗ್ತಿರೋದು ಎರಡು ಕಡೆಗೆ. ಒಂದು ಇದನ್ನ ತಯಾರಿಸಿದವರಿಗೆ, ಅವರು ಯಾರೋ ಏನೋ. ಇನ್ನೊಂದು...”

ಅವರು ಓದಲಿಲ್ಲ. ಬಾಯಿ ಮುಚ್ಚಿಕೊಂಡು ನನ್ನ ಕಡೆ ನೋಡಿದರು. ಅಷ್ಟು ಸೂಕ್ಷ್ಮ ಇದ್ದ ಮನುಷ್ಯ ಪರದೆಯನ್ನೂ ಮುಚ್ಚಬಹುದಿತ್ತು. ನನ್ನ ಇ-ಮೇಲ್ ವಿಳಾಸ ಎಲ್ಲರಿಗೂ ಓದುವಷ್ಟು ದೊಡ್ಡದಾಗಿ ಕಾಣುತ್ತಿತ್ತು.

“ಅಮ್ಮ?” ಎಂದಳು ಮಗಳು.

ಅತ್ತೆ ಬೈಯಲಿಲ್ಲ. ಸೆರಗು ಸರಿಪಡಿಸಿಕೊಂಡು ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಆ ಇಸ್ಪೀಟಿನವನಿಗೆ ಹೇಳುವುದರಲ್ಲಿ ಅರ್ಧವನ್ನಾದರೂ ನನಗೆ ಹೇಳಬಾರದಿತ್ತೆ?

ನಾನು ಏನೇನೋ ಹೇಳಿದೆ. ಮನೆಯ ಒಳ್ಳೆಯದಕ್ಕೆ, ಯಾರೂ ಒಪ್ಪಿಕೊಳ್ಳಲಿಲ್ಲವಲ್ಲ ಅಂತ, ಕೊಕ್ಕೆ ಹಾಕದೆ ಇಳಿದಿದ್ದೀರಲ್ಲ, ಬಿದ್ದು ಹೋಗಿದ್ದರೆ ಏನು ಗತಿ, ಅಂತ.

“ಮೇಸ್ತ್ರಿಗೆ ಹೇಳಿದ್ದು ನೀನಾ?” ಎಂದರು ಇವರು.

“ಮತ್ತೇನು ಮಾಡ್ಬೇಕಿತ್ತು? ನೀವು ಆ ಜೊತೆಗಾರನಿಗೆ ಬರೀತೀರ, ನನಗೆ ಒಂದು ಮಾತು ಹೇಳಲ್ಲ!”

“ಯಾವ ಜೊತೆಗಾರ?”

“ನಗಬೇಡ ಅಂತ ಬರೆದಿದ್ರಲ್ಲ, ಅವರಿಗೆ.”

ಇವರು ಕುರ್ಚಿಯ ಬೆನ್ನು ಹಿಡಿದುಕೊಂಡರು. “ನಿನಗೆ ಕಣೇ ಅದು. ನಿನ್ನೆದುರು ಹೇಗೆ ಹೇಳೋದು ಅಂತ ಬರೆದು ಬರೆದು ನೋಡ್ತಿದ್ದೆ. ಬಾಯಲ್ಲಿ ಬರ್ತಿರಲಿಲ್ಲ.”

ಮೂಗುಕಟ್ಟು ಕೆಮ್ಮಿ, ಎಲ್ಲ ಅಳಿಸಿ ಹೊಸದಾಗಿ ಹಾಕುತ್ತೇನೆ, ಡಾಕ್ಟರಿಗೆ ಮಾತ್ರ ಹೇಳಲೇಬೇಕಾಗುತ್ತದೆ ಮೇಡಂ, ರೋಗಿಗಳ ವಿಷಯವೂ ಹೊರಗೆ ಹೋಗಿದೆ ಎಂದರು. ಹೇಳಿ ಎಂದೆ. ಚಹಾ ಆರಿಹೋಗಿತ್ತು.

ಜುಲೈ ೯, ಬುಧವಾರ

ಡಾಕ್ಟರಮ್ಮ ಫೋನ್ ಮಾಡಿದ್ದರು. ಗದರಲಿಲ್ಲ. ರೋಗಿಗಳಿಗೆಲ್ಲ ತಿಳಿಸಬೇಕಂತೆ, ಸದ್ಯಕ್ಕೆ ಬೇರೆಯವರ ಕೈಲಿ ಮಾಡಿಸುತ್ತಾರಂತೆ. ಸರಿ ಎಂದೆ. ಆಕೆಯ ದನಿಯನ್ನು ದಿನಾ ಕೇಳುತ್ತಿದ್ದೆ. ಆಕೆ ನನ್ನ ದನಿ ಕೇಳಿದ್ದು ಇವತ್ತೇ ಮೊದಲಿರಬೇಕು. ಅಳು ಬರಬೇಕಿತ್ತು, ಬರಲಿಲ್ಲ.

ಜುಲೈ ೧೩, ಭಾನುವಾರ

ಕಂಪ್ಯೂಟರ್ ಈಗ ಹೊಸದರ ಹಾಗೆ ಓಡುತ್ತದೆ. ಜಾಹೀರಾತಿಲ್ಲ, ಆಕಳಿಕೆಯಿಲ್ಲ. ಅಪ್‌ಡೇಟು ಹೊತ್ತು ಹೊತ್ತಿಗೆ ಆಗುತ್ತದೆ. ಯಾರೂ ಮುಟ್ಟುವುದಿಲ್ಲ. ಮಗಳು ಕಾಲೇಜಿನಲ್ಲೇ ಬರೆದು ಮುಗಿಸಿ ಬರುತ್ತಾಳೆ. ಅತ್ತೆ ರೇಡಿಯೋ ಹಾಕಿಕೊಳ್ಳುತ್ತಾರೆ, ನಾನು ಕೋಣೆಗೆ ಕಾಲಿಟ್ಟರೆ ಅದನ್ನೂ ಆರಿಸುತ್ತಾರೆ. ಮೊನ್ನೆ ಕಂಪ್ಯೂಟರಿನ ಮೇಲಿನ ಧೂಳು ಒರೆಸಿದೆ.

ಇವರು ಎಂದಿನಂತೆ ಇದ್ದಾರೆ. ಉಪ್ಪು ಕಡಿಮೆ ಎನ್ನುತ್ತಾರೆ, ನಲ್ಲಿ ಸೋರುತ್ತಿದೆ ಎನ್ನುತ್ತಾರೆ. ಲಿಫ್ಟಿನ ಮಾತು ಮಾತ್ರ ಎತ್ತುವುದಿಲ್ಲ.

ಬೆಳಗ್ಗೆ ತಡೆಯಲಾಗಲಿಲ್ಲ. ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದೆ, ಇವರು ಕ್ಲಿಪ್ಪು ಕೊಡುತ್ತಿದ್ದರು. ಕಂಬಿಯ ಹತ್ತಿರ ಬರದೆ, ಗೋಡೆಗೆ ಒರಗಿಕೊಂಡು ಕೈ ಚಾಚಿ ಕೊಡುತ್ತಿದ್ದರು. ಎಷ್ಟು ದಿನದಿಂದ ಹೀಗೆ ನಿಲ್ಲುತ್ತಿದ್ದರೋ. ನನಗೆ ಕಂಡದ್ದು ಇವತ್ತು.

“ರೀ, ಅದನ್ನ ಹೇಳಿ,” ಎಂದೆ. “ಮೊದಲಿಂದ ಹೇಳಿ. ನಾನು ನಗಲ್ಲ.”

ಇವರು ಇನ್ನೊಂದು ಕ್ಲಿಪ್ಪು ಕೊಟ್ಟರು. ಸಿಟ್ಟಿರಲಿಲ್ಲ ಮುಖದಲ್ಲಿ. ಸಿಟ್ಟಿದ್ದರೆ ಜಗಳವಾಡಿ ಮುಗಿಸಬಹುದಿತ್ತು.

“ಓದಿದೀಯಲ್ಲ,” ಎಂದರು.